ಸೆಲ್ಫ್ ತಿರುಗುತ್ತದೆ, ಕಾರು ಸ್ಟಾರ್ಟ್ ಆಗುವುದಿಲ್ಲ: ಕಾರ್ಬೊರೇಟರ್ ಕಾಲದ ಮಾರುತಿ 800ರಲ್ಲಿ ದೋಷ ಹುಡುಕುವ ಬಗೆ

ಸೋದರಮಾವನ ಮನೆ ತೀರ್ಥಹಳ್ಳಿ ಕಡೆ. ಅಡಿಕೆ ಕೊಟ್ಟಿಗೆಗೆ ಒತ್ತಿಕೊಂಡಿರುವ ಶೆಡ್ಡಿನಲ್ಲಿ ಅವರ 1996ರ ಮಾರುತಿ 800 ನಿಲ್ಲುತ್ತದೆ. ಒಂದು ಶ್ರಾವಣದ ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿಯೇ ಸುತ್ತಿತು, ಎಂಜಿನ್ ಮಾತ್ರ ಒಂದು ಕೆಮ್ಮೂ ಕೆಮ್ಮಲಿಲ್ಲ. "ಕಾರ್ಬೊರೇಟರ್ ಕಟ್ಟಿದೆ ಮಾರಾಯ, ಬಿಚ್ಚು" ಅಂದರು ಮಾವ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು. ಬಿಚ್ಚಿದೆ. ತೊಳೆದೆ. ಹೊಸ ಪ್ಲಗ್ ಹಾಕಿದೆ. ಪೆಟ್ರೋಲ್ ಫಿಲ್ಟರ್ ಬದಲಿಸಿದೆ. ಮೂರು ದಿನ ಹೋಯಿತು, ಬ್ಯಾಟರಿಯೂ ಮಲಗಿತು. ಕೊನೆಗೆ ಸಿಕ್ಕ ದೋಷ ಪೆನ್ಸಿಲ್ ಮೊನೆಯಷ್ಟು ದಪ್ಪದ್ದು, ಅದಕ್ಕೂ ಕಾರ್ಬೊರೇಟರಿಗೂ ಸಂಬಂಧವೇ ಇರಲಿಲ್ಲ. ಅದೇನೆಂದು ಅದರ ಜಾಗ ಬಂದಾಗ ಹೇಳುತ್ತೇನೆ.

ಆ ಮೂರು ದಿನದಲ್ಲಿ ನಾನು ಮಾಡಿದ್ದು ಬರೀ ಊಹೆ. ಪರೀಕ್ಷೆ ಅಂತ ಮಾಡಿದ್ದು ಒಂದೂ ಇಲ್ಲ. ಪೆಟ್ರೋಲ್ ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಮೂರು: ಸರಿಯಾದ ಹೊತ್ತಿಗೆ ಪ್ಲಗ್ಗಿನಲ್ಲಿ ಕರೆಂಟ್, ಹದವಾಗಿ ಗಾಳಿಯೊಂದಿಗೆ ಬೆರೆತ ಪೆಟ್ರೋಲ್, ಸಿಲಿಂಡರಿನಲ್ಲಿ ಕಂಪ್ರೆಷನ್, ಅಂದರೆ ಆ ಮಿಶ್ರಣವನ್ನು ಒತ್ತುವ ಬಲ. ಇವುಗಳಲ್ಲಿ ಯಾವುದು ಇಲ್ಲ ಎಂದು ಗೊತ್ತಾಗುವವರೆಗೆ ಯಾವ ಭಾಗವನ್ನೂ ಕೊಳ್ಳಬೇಡಿ, ಯಾವುದನ್ನೂ ಬಿಚ್ಚಬೇಡಿ. ಕಾರ್ಬೊರೇಟರನ್ನಂತೂ ಎಲ್ಲ ಮುಗಿದ ಮೇಲೆಯೇ ಮುಟ್ಟಿ.

ಇಲ್ಲಿ ಹೇಳುವುದೆಲ್ಲ 796 ಸಿ.ಸಿ., ಮೂರು ಸಿಲಿಂಡರಿನ, ಕಾರ್ಬೊರೇಟರ್ ಇರುವ 800ನ್ನು ಎದುರಿಗಿಟ್ಟುಕೊಂಡು. ಪ್ರೀಮಿಯರ್ ಪದ್ಮಿನಿ, ಅಂಬಾಸಡರ್ ಇಟ್ಟುಕೊಂಡವರಿಗೂ ಕ್ರಮ ಇದೇ. ವ್ಯತ್ಯಾಸ ಇರುವ ಕಡೆ ಹೇಳುತ್ತಾ ಹೋಗುತ್ತೇನೆ.

ಮೊದಲು ಕಿವಿ

ಸೆಲ್ಫ್ ಹೇಗೆ ತಿರುಗುತ್ತಿದೆ ಎಂದು ಕೇಳಿಸಿಕೊಳ್ಳಿ. ಏರಿಳಿತವಿರುವ, ಲಯಬದ್ಧ 'ಚುಗ್-ಚುಗ್-ಚುಗ್' ಬಂದರೆ ಸಿಲಿಂಡರುಗಳು ಒಂದೊಂದಾಗಿ ಗಾಳಿ ಒತ್ತುತ್ತಿವೆ ಎಂದರ್ಥ. ಸುಸ್ತಾಗಿ ಎಳೆದೆಳೆದು ತಿರುಗಿದರೆ ಬ್ಯಾಟರಿ ಸಾಲುತ್ತಿಲ್ಲ. ಇದನ್ನು ಹಗುರವಾಗಿ ತಗೊಳ್ಳಬೇಡಿ. ಸೆಲ್ಫ್ ತಿರುಗುತ್ತಿದೆಯಲ್ಲ, ಬ್ಯಾಟರಿ ಸರಿಯಿದೆ ಎಂದುಕೊಳ್ಳುತ್ತೇವೆ. ಆದರೆ ಸೆಲ್ಫ್ ಎಲ್ಲ ಕರೆಂಟನ್ನೂ ಹೀರಿಕೊಂಡು ಬ್ಯಾಟರಿಯ ಕರೆಂಟನ್ನು ಕಿಡಿ ಹಾರುವಷ್ಟು ಜೋರು ಮಾಡುವ ಕಾಯಿಲಿಗೆ ಏಳೆಂಟು ವೋಲ್ಟ್ ಮಾತ್ರ ಉಳಿಸಿದರೆ ಪ್ಲಗ್ಗಿನಲ್ಲಿ ಕಿಡಿ ಹಾರುವುದಿಲ್ಲ.

ಮಲ್ಟಿಮೀಟರ್ ಇದ್ದರೆ ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ, 12.2 ಎಂದರೆ ಅರ್ಧ ಖಾಲಿ. ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ನೋಡಿ: ಹತ್ತರ ಕೆಳಗೆ ಕುಸಿಯುತ್ತಿದ್ದರೆ ಮೊದಲು ಚಾರ್ಜ್ ಮಾಡಿಸಿ, ಇಲ್ಲವೇ ಇನ್ನೊಂದು ಗಾಡಿಯಿಂದ ಜಂಪರ್ ಕೇಬಲ್ ಕೊಡಿ. ಬ್ಯಾಟರಿ ತುದಿಯಲ್ಲಿ ಬಿಳಿ-ಹಸಿರು ಬೂಷ್ಟು ಹಿಡಿದಿದ್ದರೆ ಬಿಸಿನೀರು ಸುರಿದು, ಉಜ್ಜಿ, ಒರೆಸಿ, ಬಿಗಿ ಮಾಡಿ. ಎಂಜಿನ್ನಿಗೆ ಹೋಗುವ ಅರ್ಥ್ ವೈರನ್ನೂ ಎಳೆದು ನೋಡಿ.

ಮೂರನೆಯ ಸದ್ದೊಂದಿದೆ. ಏರಿಳಿತವೇ ಇಲ್ಲದೆ 'ಸುಯ್ಯ್' ಎಂದು, ಎಂದಿಗಿಂತ ವೇಗವಾಗಿ, ಹೊಲಿಗೆ ಯಂತ್ರದಂತೆ ತಿರುಗುವುದು. ಹಾಗಾದರೆ ಕೀ ಬಿಟ್ಟುಬಿಡಿ, ಮತ್ತೆ ಹೊಡೆಯಬೇಡಿ. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ಟೈಮಿಂಗ್ ಬೆಲ್ಟ್ ತುಂಡಾಗಿರುವ ಸಂಭವ ಹೆಚ್ಚು. ಅದನ್ನು ಖಚಿತ ಮಾಡಿಕೊಳ್ಳುವ ಸುಲಭ ದಾರಿ ಮುಂದೆ ಬರುತ್ತದೆ.

ಕೈ ಹಾಕುವ ಮುಂಚೆ

ಗಾಡಿ ಬಯಲಿನಲ್ಲಿರಲಿ ಅಥವಾ ಶೆಡ್ಡಿನ ಬಾಗಿಲು ಪೂರ್ತಿ ತೆರೆದಿರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಚಕ್ರಕ್ಕೊಂದು ಕಲ್ಲು. ಬೀಡಿ-ಸಿಗರೇಟು ದೂರ. ಲುಂಗಿ, ಸಡಿಲ ಶಾಲು, ಕೊರಳಿಗೆ ಸುತ್ತಿದ ಟವೆಲ್ಲು ಇವೆಲ್ಲ ಫ್ಯಾನ್ ಬೆಲ್ಟಿಗೆ ಬಹಳ ಇಷ್ಟ, ತೆಗೆದಿಟ್ಟು ಬನ್ನಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಅಥವಾ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ. ಪೆಟ್ರೋಲಿಗೆ ನೀರು ಕೆಲಸಕ್ಕೆ ಬರುವುದಿಲ್ಲ.

ಬೇಕಾದ ಸಾಮಾನು ಕಡಿಮೆ: ಪ್ಲಗ್ ಪಾನಾ, ಸ್ಕ್ರೂಡ್ರೈವರ್, ಇಕ್ಕಳ, 12 ವೋಲ್ಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಕಟ್ಟಿ ಮಾಡಿದ ಟೆಸ್ಟ್ ಲ್ಯಾಂಪ್, ಸರಿಯಾಗಿರುವುದೆಂದು ಗೊತ್ತಿರುವ ಒಂದು ಪ್ಲಗ್, ನೀರಿನ ಪಾರದರ್ಶಕ ಬಾಟಲಿ, ಸಣ್ಣ ಸಂದಿ ಅಳೆಯುವ ಫೀಲರ್ ಗೇಜ್, ಸಣ್ಣ ಎಮೆರಿ ಕಾಗದ. ಜೊತೆಗೆ ಸೆಲ್ಫ್ ಹೊಡೆಯಲು ಒಬ್ಬರು. ಅವರಿಗೆ ಮೊದಲೇ ಹೇಳಿ: "ನಾನು 'ಹೊಡಿ' ಅಂದಾಗ ಮಾತ್ರ." ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷ ಬಿಡುವು. ಸೆಲ್ಫ್ ಮೋಟಾರು ಸುಟ್ಟರೆ ಒಂದಿದ್ದ ದೋಷ ಎರಡಾಗುತ್ತದೆ.

ಕೇಳಲು ನಾಚಿಕೆಯಾಗುವ ಪ್ರಶ್ನೆಗಳು

ಪೆಟ್ರೋಲ್ ಇದೆಯೇ? ಹಳೆಯ ಗಾಡಿಯ ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತದೆ. ಕಾಲು ಟ್ಯಾಂಕ್ ತೋರಿಸಿದರೂ ಎರಡು ಲೀಟರ್ ತಂದು ಹಾಕಿಬಿಡಿ, ಅನುಮಾನವೇ ಹೋಗಲಿ.

ಗ್ಯಾಸ್ ಕಿಟ್ ಇದೆಯೇ? ಒಂದು ಕಾಲದಲ್ಲಿ ಎಷ್ಟೋ 800, ಪದ್ಮಿನಿಗಳಿಗೆ ಎಲ್‌ಪಿಜಿ ಕಿಟ್ ಹಾಕಿಸಿದ್ದರು. ಡ್ಯಾಶ್‌ಬೋರ್ಡಿನ ಬದಲಾವಣೆ ಸ್ವಿಚ್ ಗ್ಯಾಸಿನ ಕಡೆ ಇದ್ದರೆ ಪೆಟ್ರೋಲ್ ದಾರಿಯ ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಮುಚ್ಚಿಕೊಂಡಿರುತ್ತದೆ. ಸಿಲಿಂಡರ್ ತೆಗೆದು ವರ್ಷವಾದರೂ ಆ ಸೊಲೆನಾಯ್ಡ್ ಅಲ್ಲೇ ಉಳಿದಿರುವುದುಂಟು.

ಕಳ್ಳ ಸ್ವಿಚ್? ಹಿಂದಿನ ಮಾಲೀಕರು ಕಳ್ಳತನಕ್ಕೆ ಹೆದರಿ ಸ್ಟೀರಿಂಗ್ ಕೆಳಗೋ ಸೀಟಿನಡಿಯೋ ಒಂದು ಗುಪ್ತ ಸ್ವಿಚ್ ಹಾಕಿಸಿ, ಮಾರುವಾಗ ಹೇಳಲು ಮರೆತಿರುತ್ತಾರೆ. ಮಗುವಿನ ಕಾಲು ತಾಗಿದರೂ ಸಾಕು, ಕಾಯಿಲಿಗೆ ಕರೆಂಟ್ ಬಂದ್.

ಚೋಕ್? ಗಾಳಿ ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುವ ತಟ್ಟೆ ಅದು; ಈ ಕಾರಿನಲ್ಲಿ ಅದಕ್ಕೆ ಕೈಯಿಂದ ಎಳೆಯುವ ಗುಂಡಿ ಇದೆ. ತಣ್ಣಗಿನ ಎಂಜಿನ್ನಿಗೆ ಪೂರ್ತಿ ಎಳೆಯಬೇಕು, ಬಿಸಿ ಎಂಜಿನ್ನಿಗೆ ಒಳಗಿರಬೇಕು. ಗುಂಡಿ ಹೊರಗೆ ಬಂದಿದ್ದರೂ ಕೇಬಲ್ ಜಾರಿ ಒಳಗಿನ ತಟ್ಟೆ ಮುಚ್ಚದೇ ಇರಬಹುದು. ಏರ್ ಕ್ಲೀನರ್ ಮುಚ್ಚಳ ತೆಗೆದು ಕಣ್ಣಾರೆ ನೋಡಿ. ಹೇಗೂ ಮುಚ್ಚಳ ತೆಗೆದಿರುತ್ತೀರಿ, ಒಳಗೆ ಇಲಿ ಗೂಡು ಇದೆಯೇ ನೋಡಿಕೊಳ್ಳಿ. ಮಾವನ ಕಾರಿನಲ್ಲಿ ಒಮ್ಮೆ ಫಿಲ್ಟರ್ ಡಬ್ಬಿ ತುಂಬಾ ಅಡಿಕೆ ಸಿಪ್ಪೆಯ ನಾರು, ನಡುವೆ ಕೆಂಪಗಿನ ನಾಲ್ಕು ಮರಿಗಳು. ಇಲಿ ಓಡಾಡಿದ ಗುರುತು ಕಂಡರೆ ಎಲ್ಲ ವೈರುಗಳ ಮೇಲೂ ಬೆರಳಾಡಿಸಿ. ಪ್ಲಗ್ ವೈರಿನ ರಬ್ಬರ್ ಎಂದರೆ ಅವಕ್ಕೆ ಚಕ್ಕುಲಿ.

ಕರೆಂಟ್ ಬರುತ್ತಿದೆಯೇ?

ಇಲ್ಲಿಂದ ನಿಜವಾದ ಕೆಲಸ. ಮೊದಲು ಕರೆಂಟ್, ಆಮೇಲೆ ಪೆಟ್ರೋಲ್ ಎನ್ನುವುದಕ್ಕೆ ಕಾರಣವಿದೆ. ಕರೆಂಟ್ ಪರೀಕ್ಷೆಗೆ ಎರಡು ನಿಮಿಷ ಸಾಕು, ಏನನ್ನೂ ಬಿಚ್ಚಬೇಕಿಲ್ಲ. ನಾನು ಕಂಡ ಹಳೆ ಗಾಡಿಗಳಲ್ಲಿ ಹೆಚ್ಚಿನವು ಕೈಕೊಟ್ಟಿದ್ದೂ ಇಲ್ಲಿಯೇ.

ಒಂದು ಪ್ಲಗ್ ವೈರನ್ನು ರಬ್ಬರ್ ಟೋಪಿ ಹಿಡಿದು ಎಳೆದು ತೆಗೆಯಿರಿ. ವೈರ್ ಹಿಡಿದು ಎಳೆದರೆ ಒಳಗಿನ ಎಳೆ ತುಂಡಾಗುತ್ತದೆ. ಅದಕ್ಕೆ ಒಳ್ಳೆಯ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿನ ಬರಿ ಲೋಹಕ್ಕೆ ಬಿಗಿಯಾಗಿ ತಾಗುವಂತೆ ಇಡಿ. ಪಕ್ಕದಲ್ಲಿ ಪೆಟ್ರೋಲ್ ಸೋರಿರಬಾರದು, ಪ್ಲಗ್ ತೆಗೆದ ರಂಧ್ರದ ಹತ್ತಿರ ಈ ಪರೀಕ್ಷೆ ಬೇಡ. ಕೈಯಲ್ಲಿ ಹಿಡಿಯಬೇಡಿ, ಹಲ್ಲು ಕಟ್ಟುವಂತೆ ಹೊಡೆಯುತ್ತದೆ; ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇದರ ಹತ್ತಿರವೇ ಬರಬಾರದು. ವೈರನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆಯುವುದೂ ತಪ್ಪು: ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸಲು ಪಾಯಿಂಟ್ (ತೆರೆದು ಮುಚ್ಚುವ ಲೋಹದ ಸ್ವಿಚ್) ಇರುವ ಗಾಡಿ ಹೇಗೋ ಸಹಿಸಿಕೊಳ್ಳುತ್ತದೆ, ಅದರ ಬದಲು ಇಗ್ನೈಟರ್ (ಎಲೆಕ್ಟ್ರಾನಿಕ್ ಸ್ವಿಚ್) ಇರುವ ಗಾಡಿಯಲ್ಲಿ ಇಗ್ನೈಟರೇ ಸುಡಬಹುದು.

ಹೊಡಿ ಎನ್ನಿ. ನೆರಳಿನಲ್ಲಿ ನೋಡಿ. ನೀಲಿ ಬಣ್ಣದ, 'ಟಕ್ ಟಕ್' ಎಂದು ಕೇಳಿಸುವ ದಪ್ಪ ಕಿಡಿ ಬಂದರೆ ಕರೆಂಟ್ ಚೆನ್ನಾಗಿದೆ. ಉಳಿದ ಎರಡು ವೈರುಗಳನ್ನೂ ಹೀಗೇ ನೋಡಿ, ಮೂರರಲ್ಲೂ ಇದ್ದರೆ ಪೆಟ್ರೋಲಿನ ಭಾಗಕ್ಕೆ ಹೋಗಿ. ಹಳದಿ-ಕೆಂಪಗೆ, ಸೊರಗಿದ, ಬಂದೂ ಬಾರದ ಕಿಡಿಯನ್ನು ಇಲ್ಲ ಎಂದೇ ಲೆಕ್ಕ ಹಿಡಿಯಿರಿ. ಹೊರಗಿನ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರಿನೊಳಗಿನ ಒತ್ತಡದಲ್ಲಿ ಹಾರದೇ ಹೋಗಬಹುದು.

ಕಿಡಿ ಇಲ್ಲದಿದ್ದರೆ ಪ್ಲಗ್ಗಿನಿಂದ ಹಿಂದಕ್ಕೆ ನಡೆಯಬೇಕು. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ನಡುವಿಗೆ ಕಾಯಿಲಿನಿಂದ ಬರುವ ದಪ್ಪ ವೈರಿದೆಯಲ್ಲ, ಅದನ್ನು ಕ್ಯಾಪಿನಿಂದ ಕಿತ್ತು, ಅದರ ತುದಿಗೆ ಅದೇ ಪ್ಲಗ್ ಹೊಂದಿಸಿ, ಅದೇ ರೀತಿ ನೋಡಿ. ಈ ಒಂದೇ ಪರೀಕ್ಷೆ ಸಮಸ್ಯೆಯನ್ನು ಎರಡು ಹೋಳು ಮಾಡುತ್ತದೆ.

*ಕಾಯಿಲ್ ವೈರಿನಲ್ಲಿ ಕಿಡಿ ಇದೆ, ಪ್ಲಗ್ಗಿನಲ್ಲಿ ಇಲ್ಲ.* ದೋಷ ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಅಥವಾ ಪ್ಲಗ್ ವೈರುಗಳಲ್ಲಿ. 800ರ ಡಿಸ್ಟ್ರಿಬ್ಯೂಟರ್ ಕೂತಿರುವುದು ಟೈಮಿಂಗ್ ಬೆಲ್ಟಿನ ಎದುರು ತುದಿಯಲ್ಲಿ. ಕ್ಯಾಪ್ ತೆಗೆದು ಬೆಳಕಿಗೆ ಹಿಡಿಯಿರಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಒಳಗೆಲ್ಲ ಬೆವರಿನಂತೆ ತೇವ ಕೂತಿರುತ್ತದೆ; ಒಣ ಬಟ್ಟೆಯಲ್ಲಿ ಒರೆಸಿ, ಹೇರ್ ಡ್ರೈಯರ್ ಹಿಡಿದರೆ ಎಷ್ಟೋ ಸಲ ಕಾರು ಅಲ್ಲಿಗೇ ಸ್ಟಾರ್ಟ್. ಎರಡು ತುದಿಗಳ ನಡುವೆ ಪೆನ್ಸಿಲ್ಲಿನಲ್ಲಿ ಗೀಟು ಎಳೆದಂತೆ ಸಣ್ಣ ಕಪ್ಪು ಗೆರೆ ಕಂಡರೆ ಕ್ಯಾಪ್ ಬಿರುಕು ಬಿಟ್ಟಿದೆ, ಕರೆಂಟ್ ಆ ಗೆರೆಗುಂಟ ಸೋರುತ್ತಿದೆ. ಎಷ್ಟು ಒರೆಸಿದರೂ ಪ್ರಯೋಜನವಿಲ್ಲ, ಹೊಸದು ಹಾಕಿ.

ಇನ್ನು ಕ್ಯಾಪಿನ ಒಳಗೆ, ಸರಿಯಾಗಿ ನಡುವೆ ನೋಡಿ. ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ಕಾರ್ಬನ್ ಕಡ್ಡಿ ಇರಬೇಕು, ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಪುಟಿಯಬೇಕು. ಮಾವನ ಕಾರಿನಲ್ಲಿ ಅದು ಮುರಿದು, ಕರಿ ಪುಡಿಯಾಗಿ ರೋಟರಿನ ಮೇಲೆ ಬಿದ್ದಿತ್ತು. ಕಾಯಿಲಿನಿಂದ ಬಂದ ಕರೆಂಟ್ ರೋಟರಿಗೆ ದಾಟಲು ಇದ್ದ ಸೇತುವೆಯೇ ಅದು. ಮೂರು ದಿನದ ಕಾರ್ಬೊರೇಟರ್ ಸೇವೆಯ ನಂತರ ಹೊಸ ಕ್ಯಾಪ್ ಹಾಕಿದ ಮೇಲೆ ಕಾರು ಎರಡನೇ ಸುತ್ತಿಗೆ ಹೊತ್ತಿಕೊಂಡಿತು. "ಇಷ್ಟಕ್ಕೇನಾ?" ಎಂದರು ಮಾವ.

ರೋಟರನ್ನೂ ಎಳೆದು ತೆಗೆದು ನೋಡಿ: ತುದಿ ಸುಟ್ಟಿದ್ದರೆ ಎಮೆರಿಯಲ್ಲಿ ಲಘುವಾಗಿ ಉಜ್ಜಿ, ಮೈಯಲ್ಲಿ ರಂಧ್ರ ಅಥವಾ ಬಿರುಕಿದ್ದರೆ ಬದಲಿಸಿ. ಪ್ಲಗ್ ವೈರುಗಳನ್ನು ಮಲ್ಟಿಮೀಟರಿನ ಓಮ್ ಕಡೆ ಇಟ್ಟು ಅಳೆದಾಗ ಕೆಲವು ಸಾವಿರ ಓಮ್ ತೋರಿಸುವುದು ಸಹಜ. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಕತ್ತಲಲ್ಲಿ ಸೆಲ್ಫ್ ಹೊಡೆಸಿ ನೋಡಿದರೆ ಸೋರುವ ವೈರು ತಾನಾಗಿ ನೀಲಿಯಾಗಿ ಮಿನುಗಿ ತೋರಿಸಿಕೊಡುತ್ತದೆ.

*ಕಾಯಿಲ್ ವೈರಿನಲ್ಲೇ ಕಿಡಿ ಇಲ್ಲ.* ಟೆಸ್ಟ್ ಲ್ಯಾಂಪ್ ತೆಗೆದುಕೊಳ್ಳಿ. ಒಂದು ವೈರ್ ಎಂಜಿನ್ನಿನ ಲೋಹಕ್ಕೆ, ಇನ್ನೊಂದು ಕಾಯಿಲಿನ ಪ್ಲಸ್ ತುದಿಗೆ. ಕೀ ಆನ್ ಮಾಡಿದಾಗ ಬಲ್ಬ್ ಹೊತ್ತಬೇಕು. ಹೊತ್ತದಿದ್ದರೆ ಫ್ಯೂಸ್, ಕೀ ಸ್ವಿಚ್, ಅಥವಾ ಮೇಲೆ ಹೇಳಿದ ಕಳ್ಳ ಸ್ವಿಚ್. ಹೊತ್ತಿದರೆ ಅಷ್ಟಕ್ಕೇ ಬಿಡಬೇಡಿ, ಸೆಲ್ಫ್ ಹೊಡೆಯುವಾಗಲೂ ಹೊತ್ತಿರುತ್ತದೆಯೇ ನೋಡಿ. ಕೀ ಸ್ವಿಚ್ ಸವೆದ ಗಾಡಿಗಳಲ್ಲಿ ಆನ್‌ನಲ್ಲಿ ಕರೆಂಟ್ ಇರುತ್ತದೆ, ಸ್ಟಾರ್ಟ್ ಕಡೆ ತಿರುಗಿಸಿದ ಕೂಡಲೇ ಹೋಗುತ್ತದೆ. ಇದರ ಗುರುತು ಸ್ವಾರಸ್ಯವಾಗಿದೆ: ಸೆಲ್ಫ್ ಎಷ್ಟು ಹೊಡೆದರೂ ಏನಿಲ್ಲ, ಬೇಸತ್ತು ಕೀ ಬಿಟ್ಟ ಕ್ಷಣ ಎಂಜಿನ್ ಒಮ್ಮೆ 'ಗುಡುಕ್' ಎನ್ನುತ್ತದೆ. ತಳ್ಳಿದರೆ ಇಂಥ ಗಾಡಿ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ.

ಪ್ಲಸ್‌ನಲ್ಲಿ ಕರೆಂಟ್ ಸರಿಯಿದ್ದರೆ ಲ್ಯಾಂಪನ್ನು ಕಾಯಿಲಿನ ಮೈನಸ್ ತುದಿಗೆ ಬದಲಿಸಿ ಸೆಲ್ಫ್ ಹೊಡೆಸಿ. ಬಲ್ಬ್ ಮಿಣಮಿಣ ಎಂದರೆ ಪಾಯಿಂಟ್ ಅಥವಾ ಇಗ್ನೈಟರ್ ತನ್ನ ಕೆಲಸ ಮಾಡುತ್ತಿದೆ, ಆದರೂ ಕಿಡಿ ಇಲ್ಲ ಎಂದರೆ ಕಾಯಿಲ್ ಅಥವಾ ಕಂಡೆನ್ಸರ್ (ಪಾಯಿಂಟಿನ ಜೊತೆಗಿರುವ ಪುಟ್ಟ ಡಬ್ಬಿ) ಸತ್ತಿದೆ. ಸದಾ ಹೊತ್ತೇ ಇದ್ದರೆ ಪಾಯಿಂಟ್ ಮುಚ್ಚಿಕೊಂಡು ಅರ್ಥ್ ಕೊಡುತ್ತಿಲ್ಲ: ಮುಖ ಸುಟ್ಟಿದೆ, ಕಿಲುಬಿದೆ, ಗ್ಯಾಪ್ ಹೆಚ್ಚಾಗಿದೆ, ಇಲ್ಲವೇ ಒಳಗಿನ ಸಣ್ಣ ವೈರ್ ತುಂಡಾಗಿದೆ. ಹೊತ್ತುವುದೇ ಇಲ್ಲ ಎಂದರೆ ಪಾಯಿಂಟ್ ತೆರೆಯುತ್ತಿಲ್ಲ, ಕಂಡೆನ್ಸರ್ ಶಾರ್ಟ್ ಆಗಿದೆ, ಅಥವಾ ಕಾಯಿಲಿನ ಒಳಸುತ್ತು ತುಂಡಾಗಿದೆ. ಕಾಯಿಲಿನ ಪ್ಲಸ್-ಮೈನಸ್ ನಡುವೆ ಒಂದರಿಂದ ಮೂರು ಓಮ್ ಸಿಗಬೇಕು.

ಪಾಯಿಂಟ್ ಸರಿಪಡಿಸುವುದು ಪದ್ಮಿನಿ, ಅಂಬಾಸಡರ್, ಹಳೆಯ 800 ಇರುವವರು ಕಲಿಯಲೇಬೇಕಾದ ಕೆಲಸ. ಎರಡು ಮುಖಗಳ ನಡುವೆ ಸಣ್ಣ ಎಮೆರಿ ಕಾಗದ ಎಳೆದು, ಪೆಟ್ರೋಲ್ ಅದ್ದಿದ ಶುದ್ಧ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ. ನಂತರ ಎಂಜಿನ್ನನ್ನು ಕೈಯಿಂದ ತಿರುಗಿಸಿ ಪಾಯಿಂಟ್ ಗರಿಷ್ಠ ತೆರೆದುಕೊಂಡಾಗ ಫೀಲರ್ ಗೇಜ್ ಇಡಿ. 0.4ರಿಂದ 0.5 ಮಿ.ಮೀ. ನಡುವೆ ಇರಲಿ. ಗೇಜ್ ಎಳೆಯುವಾಗ ಬೆಣ್ಣೆಯಲ್ಲಿ ಚಾಕು ಎಳೆದಂತೆ ಸಣ್ಣ ಹಿಡಿತ ಸಿಗಬೇಕು. ಬೆರಳಿನ ಎಣ್ಣೆ ಪಾಯಿಂಟಿನ ಮುಖಕ್ಕೆ ತಾಗಿದರೂ ಮತ್ತೆ ಅದೇ ಕತೆ. ನಂತರದ 800ಗಳಲ್ಲಿ ಪಾಯಿಂಟ್ ಬದಲು ಇಗ್ನೈಟರ್ ಇದೆ, ಅದನ್ನು ರಿಪೇರಿ ಮಾಡುವಂತಿಲ್ಲ. ಪ್ಲಗ್ಗು-ವೈರುಗಳೆಲ್ಲ ಸರಿಯಿದ್ದು, ಕಾಯಿಲಿಗೆ ಕರೆಂಟ್ ಇದ್ದು, ಮೈನಸ್‌ನಲ್ಲಿ ಮಿಣುಕು ಇಲ್ಲವೆಂದಾದ ಮೇಲಷ್ಟೇ ಬದಲಿಸಿ.

ಟೈಮಿಂಗ್ ಬೆಲ್ಟಿನ ಪರೀಕ್ಷೆ ಹೇಳುತ್ತೇನೆಂದಿದ್ದೆ. ಕ್ಯಾಪ್ ತೆಗೆದಿರುವಾಗಲೇ ಕಾಯಿಲಿನ ಪ್ಲಸ್ ವೈರ್ ಬಿಚ್ಚಿಟ್ಟು, ಒಂದೇ ಒಂದು ಸಲ ಕ್ಷಣಮಾತ್ರ ಸೆಲ್ಫ್ ಹೊಡೆಸಿ ರೋಟರ್ ನೋಡಿ. 800ರಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್, ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್. ಎಂಜಿನ್ ತಿರುಗಿ ರೋಟರ್ ಸುಮ್ಮನೆ ನಿಂತಿದ್ದರೆ ಬೆಲ್ಟ್ ಹೋಗಿದೆ. ಪೆಟ್ರೋಲ್ ಪಂಪೂ ಅದೇ ಕ್ಯಾಮ್‌ಶಾಫ್ಟಿನಿಂದ ನಡೆಯುವುದರಿಂದ ಕರೆಂಟೂ ಇಲ್ಲ, ಪೆಟ್ರೋಲೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ಎರಡೂ ಒಟ್ಟಿಗೇ ಹೋದವೆಂದರೆ ಬೆಲ್ಟಿನ ಮೇಲೇ ಮೊದಲ ಅನುಮಾನ. ಅಲ್ಲಿಗೆ ಮನೆ ಕೆಲಸ ಮುಗಿಯಿತು, ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋಗಿ.

ಪ್ಲಗ್ ಏನು ಹೇಳುತ್ತದೆ

ಕಿಡಿ ಚೆನ್ನಾಗಿದೆ ಎಂದಾದರೆ, ಸೆಲ್ಫ್ ಹೊಡೆದ ಕೂಡಲೇ ಒಂದು ಪ್ಲಗ್ ಬಿಚ್ಚಿ ಮೂಸಿ ನೋಡಿ. ಒಣಗಿ ವಾಸನೆಯೇ ಇಲ್ಲದಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ನಾರಿದರೆ ಹೆಚ್ಚಾಗಿ ಬಂದಿದೆ, ಅಂದರೆ ಓವರ್‌ಫ್ಲೋ.

ಓವರ್‌ಫ್ಲೋ ಹೆಚ್ಚಾಗಿ ನಮ್ಮದೇ ಕೈಚಳಕ. ಸ್ಟಾರ್ಟ್ ಆಗದಾಗ ಚೋಕ್ ಎಳೆದು, ಆಕ್ಸಿಲರೇಟರನ್ನು ಪಂಪು ಹೊಡೆದಂತೆ ಒತ್ತುತ್ತೇವೆ. ಪ್ರತಿ ಒತ್ತಿಗೂ ಕಾರ್ಬೊರೇಟರ್ ಒಂದು ಗುಟುಕು ಪೆಟ್ರೋಲ್ ಸುರಿಯುತ್ತದೆ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರನ್ನು ನೆಲದವರೆಗೆ ಒತ್ತಿ ಹಿಡಿದು, ಮೇಲೆ-ಕೆಳಗೆ ಮಾಡದೆ, ಎಂಟು-ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಆಗದಿದ್ದರೆ ಮೂರೂ ಪ್ಲಗ್ ತೆಗೆದು, ಕಾಯಿಲಿನ ಪ್ಲಸ್ ವೈರ್ ಬಿಚ್ಚಿ, ಸ್ವಲ್ಪ ಸೆಲ್ಫ್ ಹೊಡೆದರೆ ಹೆಚ್ಚಿನ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ. ಹತ್ತು ನಿಮಿಷ ಆವಿಯೆಲ್ಲ ಹೋಗಲಿ. ಪ್ಲಗ್ ಒಣಗಿಸಿ, ಗ್ಯಾಪ್ 0.7-0.8 ಮಿ.ಮೀ. ಇದೆಯೇ ನೋಡಿ ಮತ್ತೆ ಹಾಕಿ. ಪ್ಲಗ್ಗನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸುವ ಪದ್ಧತಿ ಉಂಟು; ಪೆಟ್ರೋಲ್ ಮೆತ್ತಿದ ಕೈಯಲ್ಲಿ ಅಡುಗೆಮನೆಗೆ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ಮುಟ್ಟದೆಯೇ ಪದೇ ಪದೇ ಓವರ್‌ಫ್ಲೋ ಆದರೆ ಕಾರ್ಬೊರೇಟರಿನ ಬಟ್ಟಲಲ್ಲಿ ತೇಲುವ ಫ್ಲೋಟ್ ತೂತಾಗಿ ಮುಳುಗಿದೆ ಅಥವಾ ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ನೀಡಲ್ ವಾಲ್ವಿನಲ್ಲಿ ಕಸ ಕೂತಿದೆ. ಸ್ಕ್ರೂಡ್ರೈವರಿನ ಹಿಡಿಯಲ್ಲಿ ಕಾರ್ಬೊರೇಟರಿನ ಮೈಗೆ ಎರಡು ಸಲ ಮೆಲ್ಲಗೆ ಬಡಿದರೆ ಕಸ ಸರಿಯುವುದೂ ಉಂಟು.

ಪೆಟ್ರೋಲ್ ಎಲ್ಲಿಯವರೆಗೆ ಬಂತು?

ಒಣ ಪ್ಲಗ್ ಸಿಕ್ಕವರು ಇಲ್ಲಿಗೆ ಬನ್ನಿ. ಕೀ ಆಫ್ ಇರಲಿ. ಏರ್ ಕ್ಲೀನರ್ ತೆಗೆದು, ಚೋಕ್ ತಟ್ಟೆ ತೆರೆದು, ಕಾರ್ಬೊರೇಟರಿನ ಬಾಯೊಳಗೆ ಟಾರ್ಚ್ ಬಿಡಿ. ಇನ್ನೊಂದು ಕೈಯಲ್ಲಿ ಆಕ್ಸಿಲರೇಟರ್ ಕೇಬಲ್ಲಿನ ಲಿವರನ್ನು ಎಳೆಯಿರಿ. ಒಳಗೆ ಸಣ್ಣ ನಳಿಗೆಯಿಂದ ಪೆಟ್ರೋಲ್ ಪಿಚಕಾರಿಯಂತೆ ಚಿಮ್ಮಬೇಕು. ಚಿಮ್ಮಿದರೆ ಬಟ್ಟಲಿನಲ್ಲಿ ಪೆಟ್ರೋಲ್ ಇದೆ. ಕಾರ್ಬೊರೇಟರಿನ ಪಕ್ಕದಲ್ಲಿ ಸಣ್ಣ ಗಾಜಿನ ಕಿಟಕಿ ಇದ್ದರೆ ಅದರಲ್ಲಿ ಮಟ್ಟ ಸುಮಾರು ನಡುವಿಗೆ ಕಾಣಿಸಬೇಕು. ಎಂಜಿನ್ ತಿರುಗುವಾಗ ಆ ಬಾಯಿಯ ಮೇಲೆ ಮುಖ ಬಗ್ಗಿಸಲೇಬೇಡಿ. ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವ ರಸ್ತೆಬದಿ ವಿದ್ಯೆಯೂ ಬೇಡ. ಒಂದು ಬ್ಯಾಕ್‌ಫೈರ್ ಸಾಕು, ರೆಪ್ಪೆ-ಹುಬ್ಬು ಹೋಗಲು.

ಚಿಮ್ಮದಿದ್ದರೆ, ಪಂಪಿನಿಂದ ಕಾರ್ಬೊರೇಟರಿಗೆ ಬರುವ ಪೈಪನ್ನು ಕಾರ್ಬೊರೇಟರ್ ಕಡೆ ಬಿಚ್ಚಿ ಬಾಟಲಿಗೆ ಬಿಡಿ. ಕಾಯಿಲಿನ ಪ್ಲಸ್ ವೈರ್ ಬಿಚ್ಚಿಡಿ. ಸೆಲ್ಫ್ ಹೊಡೆದಾಗ ಹಸು ಕರೆದಂತೆ ಸೊರ್ ಸೊರ್ ಎಂದು ಬಿಟ್ಟುಬಿಟ್ಟು ಪೆಟ್ರೋಲ್ ಬೀಳಬೇಕು. ಬಿದ್ದರೆ ಪಂಪ್ ಸರಿ, ದೋಷ ಕಾರ್ಬೊರೇಟರಿನ ಒಳಗೆ ಬರುವ ಬಾಯಲ್ಲಿ: ಅಲ್ಲಿಯ ಜಾಲರಿ ಅಥವಾ ಕಚ್ಚಿಕೊಂಡ ನೀಡಲ್. ಕಾರ್ಬೊರೇಟರ್ ಬಿಚ್ಚಲು ಈಗ ನಿಮಗೆ ಒಂದು ಕಾರಣ ಸಿಕ್ಕಿದೆ.

ಬೀಳದಿದ್ದರೆ ಪಂಪಿಗೆ ಬರುವ ಪೈಪ್ ಬಿಚ್ಚಿ, ಟ್ಯಾಂಕಿನ ಕಡೆಗೆ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಊದಿ. ಟ್ಯಾಂಕಿನಲ್ಲಿ 'ಗುಳುಗುಳು' ಕೇಳಿದರೆ ದಾರಿ ತೆರೆದಿದೆ, ಪಂಪಿನದೇ ತಪ್ಪು. ಬಾಯಿಯಿಂದ ಪೆಟ್ರೋಲ್ ಎಳೆಯಬೇಡಿ. ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹರಿದಿದೆಯೇ ಎಂದು ಆಯಿಲ್ ಕಡ್ಡಿ ಎಳೆದು ಮೂಸಿದರೂ ತಿಳಿಯಬಹುದು: ಆಯಿಲ್ ತೆಳ್ಳಗಾಗಿ ಪೆಟ್ರೋಲ್ ನಾರಿದರೆ, ಪಂಪಿನಿಂದ ಸೋರಿದ್ದು ಎಂಜಿನ್ನಿಗೆ ಇಳಿದಿದೆ. ಅಂಥ ಆಯಿಲಿನಲ್ಲಿ ಗಾಡಿ ಓಡಿಸಬೇಡಿ, ಬದಲಿಸಿ. ಇನ್ನೊಂದು ಚಿಕ್ಕ ವಿಷಯ: ಟ್ಯಾಂಕಿನ ಮುಚ್ಚಳ ತೆಗೆದಾಗ 'ಸುಸ್' ಎಂದು ಗಾಳಿ ಒಳನುಗ್ಗಿದರೆ ಗಾಳಿರಂಧ್ರ ಕಟ್ಟಿದೆ. ಮುಚ್ಚಳ ಸಡಿಲವಿಟ್ಟು ನೋಡಿ.

ಪೆಟ್ರೋಲಿನ ಗುಣವನ್ನೂ ಬಾಟಲಿಯಲ್ಲೇ ನೋಡಿಬಿಡಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ, ನೂರಕ್ಕೆ 20 ಪಾಲು ಎಥನಾಲ್ ಬೆರೆತ ಇ20 ಈಗ ಬಂಕುಗಳಲ್ಲಿ ಸಾಮಾನ್ಯ. ಎಥನಾಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದರೆ ನೀರು-ಎಥನಾಲ್ ಬೇರೆಯಾಗಿ ತಳಕ್ಕೆ ಕೂರುತ್ತದೆ. ಪಂಪ್ ಮೊದಲು ಎಳೆಯುವುದು ಆ ತಳದ್ದನ್ನೇ. ಬಾಟಲಿಯನ್ನು ಹತ್ತು ನಿಮಿಷ ಅಲುಗಿಸದೆ ಇಟ್ಟಾಗ ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಬೇಕು. ಹಳೆಯ ಕಾಲದ ರಬ್ಬರ್ ಪೈಪು, ಡಯಾಫ್ರಾಮುಗಳೂ ಎಥನಾಲಿಗೆ ಉಬ್ಬಿ ಮೆತ್ತಗಾಗುತ್ತವೆ. ಪೈಪನ್ನು ಬಗ್ಗಿಸಿದಾಗ ಬಿರುಕು ಕಂಡರೆ ಎಥನಾಲ್ ತಾಳುವ ಪೈಪ್ ಕೇಳಿ ಹಾಕಿಸಿ.

ಸ್ಟಾರ್ಟ್ ಆಗಿ, ಕಾಲು ತೆಗೆದ ಕೂಡಲೇ ನಿಂತರೆ ಅದು ಬೇರೆ ಕಾಯಿಲೆ. ಕಾರ್ಬೊರೇಟರಿನ ಮೇಲಿರುವ ವೈರ್ ಹೋಗುವ ಸಣ್ಣ ಸೊಲೆನಾಯ್ಡ್, ಕೀ ಆನ್ ಮಾಡಿದಾಗ 'ಟಿಕ್' ಎನ್ನಬೇಕು. ಎನ್ನದಿದ್ದರೆ ಅದರ ವೈರ್ ನೋಡಿ.

ಘಾಟಿಯಲ್ಲಿ ನಿಂತ ಗಾಡಿ

ಏಪ್ರಿಲ್ ಮಧ್ಯಾಹ್ನ, ಚಾರ್ಮಾಡಿ ಹತ್ತಿ, ಚಹಾಕ್ಕೆಂದು ನಿಲ್ಲಿಸಿದ ಪದ್ಮಿನಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ದೋಷವೇನೂ ಇಲ್ಲ. ಎಂಜಿನ್ನಿನ ಬಿಸಿಗೆ ಪಂಪು ಮತ್ತು ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿದೆ. ಪಂಪು ದ್ರವವನ್ನು ತಳ್ಳಬಲ್ಲದು, ಆವಿಯನ್ನಲ್ಲ. ಹಳೆಯ ಡ್ರೈವರುಗಳ ಡಿಕ್ಕಿಯಲ್ಲಿ ಒಂದು ಚಿಂದಿ ಬಟ್ಟೆ, ಒಂದು ಬಾಟಲಿ ನೀರು ಇರುತ್ತಿದ್ದುದು ಇದಕ್ಕೇ. ಬಾನೆಟ್ ತೆರೆದಿಟ್ಟು, ಒದ್ದೆ ಬಟ್ಟೆಯನ್ನು ಪೆಟ್ರೋಲ್ ಪಂಪಿಗೆ ಸುತ್ತಿ, ಇಪ್ಪತ್ತು ನಿಮಿಷ ಕಾಯಿರಿ. ನೀರು ಡಿಸ್ಟ್ರಿಬ್ಯೂಟರಿಗೆ ತೊಟ್ಟಿಕ್ಕದಿರಲಿ. ಪಂಪಿಗೆ ಕೈಯಿಂದ ಒತ್ತುವ ಲಿವರ್ ಇದ್ದರೆ ಹತ್ತು ಸಲ ಒತ್ತಿ, ಆಮೇಲೆ ಸೆಲ್ಫ್.

ಆದರೆ ಬಿಸಿಯಾದಾಗ ಮಾತ್ರ ನಿಲ್ಲುವ ಗಾಡಿಯೆಲ್ಲ ಆವಿಯಿಂದಲೇ ನಿಲ್ಲುವುದಿಲ್ಲ. ಕಾಯಿಲ್, ಕಂಡೆನ್ಸರ್, ಇಗ್ನೈಟರ್ ಕೂಡ ಬಿಸಿಗೆ ಸತ್ತು ತಣ್ಣಗಾದ ಮೇಲೆ ಏಳುತ್ತವೆ. ಹಾಗಾಗಿ ತಣ್ಣಗಾಗುವ ಮುಂಚೆಯೇ, ಅಲ್ಲೇ, ಕಿಡಿ ಪರೀಕ್ಷೆ ಮಾಡಿ. ಕಾದು ಸ್ಟಾರ್ಟ್ ಆದ ಗಾಡಿ ಗ್ಯಾರೇಜಿನಲ್ಲಿ ಯಾವ ಸಾಕ್ಷಿಯನ್ನೂ ಕೊಡುವುದಿಲ್ಲ.

ಕರೆಂಟೂ ಇದೆ, ಪೆಟ್ರೋಲೂ ಇದೆ

ಆದರೂ ಇಲ್ಲವೆಂದರೆ ಮೊದಲು ಕೇಳಿಕೊಳ್ಳಿ: ಈಚೆಗೆ ಯಾರಾದರೂ ಪ್ಲಗ್ ವೈರ್ ತೆಗೆದಿದ್ದರೇ? 800ರ ಫೈರಿಂಗ್ ಕ್ರಮ (ಸಿಲಿಂಡರುಗಳು ಹೊತ್ತಿಕೊಳ್ಳುವ ಸರದಿ) 1-3-2, ಪದ್ಮಿನಿಯದು 1-3-4-2. ಎರಡು ವೈರ್ ಅದಲುಬದಲಾದರೆ ಕಾರ್ಬೊರೇಟರಿನಿಂದ 'ಫಟ್' ಎಂದು ಉಗುಳು, ಸೈಲೆನ್ಸರಿನಲ್ಲಿ ಢಂ. ತೆಗೆಯುವ ಮುಂಚೆ ವೈರುಗಳಿಗೆ ಉಗುರುಬಣ್ಣದಲ್ಲಿ ಚುಕ್ಕೆ ಇಡುವುದು ಒಳ್ಳೆಯ ಅಭ್ಯಾಸ. ಡಿಸ್ಟ್ರಿಬ್ಯೂಟರನ್ನು ಹಿಡಿದು ಅಲುಗಿಸಿ. ಕೈಯಲ್ಲೇ ತಿರುಗಿದರೆ ಬೋಲ್ಟ್ ಸಡಿಲವಾಗಿ ಟೈಮಿಂಗ್ ಹೋಗಿದೆ.

ಕೊನೆಗೆ ಕಂಪ್ರೆಷನ್. ಕಾಯಿಲಿನ ಪ್ಲಸ್ ವೈರ್ ಬಿಚ್ಚಿ, ಎಲ್ಲ ಪ್ಲಗ್ ತೆಗೆದು, ಒಂದೊಂದೇ ರಂಧ್ರದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. ಬೆರಳನ್ನು ಜೋರಾಗಿ ಎತ್ತಿ ಎಸೆಯಬೇಕು. ಕಂಪ್ರೆಷನ್ ಗೇಜ್ ಸಿಕ್ಕರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಅಳೆಯಿರಿ. 100 ಪಿಎಸ್‌ಐಗಿಂತ ಕೆಳಗಿದ್ದರೆ ಸ್ಟಾರ್ಟ್ ಆಗುವ ಆಸೆ ಕಡಿಮೆ. ತಿಂಗಳುಗಟ್ಟಲೆ ನಿಂತ ಅಥವಾ ಓವರ್‌ಫ್ಲೋ ಆದ ಗಾಡಿಯಲ್ಲಿ ಸಿಲಿಂಡರ್ ಗೋಡೆಯ ಎಣ್ಣೆಯೆಲ್ಲ ತೊಳೆದುಹೋಗಿರುತ್ತದೆ. ಪ್ರತಿ ರಂಧ್ರಕ್ಕೆ ಒಂದು ಚಹಾ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗು-ಗೋಡೆಯ ವಿಷಯ, ಏರದಿದ್ದರೆ ವಾಲ್ವಿನದು.

2000ದ ಆಸುಪಾಸಿನಲ್ಲಿ ಬಂದ ಎಂಪಿಎಫ್ಐ (ಕಂಪ್ಯೂಟರ್ ಹೇಳಿದಂತೆ ಪೆಟ್ರೋಲ್ ಚಿಮ್ಮಿಸುವ) 800 ನಿಮ್ಮದಾಗಿದ್ದರೆ ಚೋಕೂ ಇಲ್ಲ, ಕಾರ್ಬೊರೇಟರೂ ಇಲ್ಲ. ಕೀ ಆನ್ ಮಾಡಿ ಹಿಂದಿನ ಸೀಟಿನ ಬಳಿ ಕಿವಿಗೊಡಿ. ಟ್ಯಾಂಕಿನೊಳಗಿನ ಪಂಪು ಎರಡು-ಮೂರು ಸೆಕೆಂಡ್ ಗುಂಯ್‌ಗುಡಬೇಕು. ಗುಡದಿದ್ದರೆ ಫ್ಯೂಸು, ರಿಲೇ, ಆಮೇಲೆ ಪಂಪು. ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಕೀ ಆನ್‌ನಲ್ಲಿ ಹೊತ್ತಲೇ ಇಲ್ಲವೆಂದರೆ ಕಂಪ್ಯೂಟರಿಗೇ ಕರೆಂಟ್ ಇಲ್ಲ.

ಇಷ್ಟಾದ ಮೇಲೂ ಗ್ಯಾರೇಜಿಗೆ ಫೋನ್ ಮಾಡಬೇಕಾಗಿ ಬಂದರೆ "ಭಾಯ್, ಗಾಡಿ ಸ್ಟಾರ್ಟ್ ಆಗ್ತಿಲ್ಲ" ಎಂದು ನಿಲ್ಲಿಸಬೇಡಿ. "ಸೆಲ್ಫ್ ಚೆನ್ನಾಗಿ ತಿರುಗ್ತಿದೆ, ಕಾಯಿಲಿಗೆ ಕರೆಂಟ್ ಇದೆ, ಮೈನಸ್ಸಲ್ಲಿ ಬಲ್ಬ್ ಮಿಣುಕ್ತಿಲ್ಲ, ರೋಟರ್ ತಿರುಗ್ತಿದೆ" ಎನ್ನಿ. ಅವರು ಬರುವಾಗ ಇಗ್ನೈಟರೋ ಪಾಯಿಂಟೋ ಜೇಬಲ್ಲಿ ಹಾಕಿಕೊಂಡೇ ಬರುತ್ತಾರೆ.